ದೇವರ ಕಂಬಳಿಯ ಹಾಗೆ ಆರಿಸಿದ ಚಿತ್ರಗಳು

ಅಕ್ಕವ್ವಾ, ತಮ್ಮಣ್ಣಾ, ನಿಮ್ಮ ಅವ್ವನ ಬಲಗೈ ಮಣಿಕಟ್ಟು ಯಾಕೆ ಸೊಟ್ಟಗಿದೆ ಎಂದು ನೀವು ಕೇಳಿದಾಗಲೆಲ್ಲ ಅವಳು ಮೆಟ್ಟಿಲಿನಿಂದ ಬಿದ್ದೆ ಎನ್ನುತ್ತಾಳೆ. ಅವಳು ಬಿದ್ದಿಲ್ಲ. ಆ ಸುಳ್ಳನ್ನು ಮೊದಲು ಹೇಳಿದವಳು ನಾನು. ನಾಲ್ಕು ಜನರ ಎದುರು ನನಗೆ ಈಗಲೂ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀವು ಮರಾಠಿ ಶಾಲೆಯ ಮಕ್ಕಳು, ಕನ್ನಡ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ನಿಧಾನವಾಗಿ ಓದಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಸೊಲ್ಲಾಪುರಕ್ಕೆ ಬಂದು ಮಗಳ, ಅಂದರೆ ನಿಮ್ಮ ಅವ್ವನ ಜೊತೆ ಒಂದೇ ಕೋಣೆಯಲ್ಲಿ ಇದ್ದೆ. ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ, ಪಿಎಚ್‌ಡಿ ಮಾಡುತ್ತಿದ್ದಳು. ಭೂಮಿಯ ಆಚೆ ಸುತ್ತುವ ಒಂದು ದೂರಬೀನು ತೆಗೆದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ದಿನವಿಡೀ ನೋಡುತ್ತಿದ್ದಳು. ಏನದು ಎಂದು ಒಮ್ಮೆ ಕೇಳಿದೆ.

"ಇದು ಚುಕ್ಕಿಗೋಳ ಹಿಂಡು ಅವ್ವಾ. ಕೋಟಿಗಟ್ಟಲೆ ಚುಕ್ಕಿ. ನಟ್ಟನಡುವ ಒಂದು ಕಪ್ಪುಕುಳಿ, ಹೊಟ್ಟಿಬಾಕ, ಕುಂತದ. ಹತ್ತರ ಬಂದದ್ದನ್ನ ಹರದು ಹರದು ನುಂಗ್ತದ. ನುಂಗೂಮುಂದ ಸುತ್ತ ಇದ್ದದ್ದೆಲ್ಲಾ ಕಾದು ಉರೀತದ. ಒಂದಿಷ್ಟು ಹೊರಗ ಉಗುಳ್ತದ."

"ನಿಮ್ಮ ದೊಡ್ಡಪ್ಪ ಉಣ್ಣಾಕ ಕುಂತಂಗ ಅನ್ನು," ಎಂದೆ. ಅವಳು ಬಹಳ ಹೊತ್ತು ನಕ್ಕಳು.

ದೊಡ್ಡಪ್ಪ ಎಂದರೆ ನನ್ನ ಭಾವ, ನಿಮ್ಮ ಅಜ್ಜನ ಅಣ್ಣ. ಚಪಳಗಾಂವದಲ್ಲಿ ಕುರಿ, ಹೊಲ, ಮನೆ ಎಲ್ಲ ಅವರ ಕೈಯಲ್ಲಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಅವರ ಎದುರು ಸೆರಗು ಇಳಿಸಿರಲಿಲ್ಲ, ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನಮ್ಮಲ್ಲಿ ಹಾಗೇ ನಡೆಯುತ್ತಿತ್ತು.

ಉಣ್ಣೆ ಕತ್ತರಿಸುವ ದಿನ ನಾವಿಬ್ಬರೂ ಊರಿಗೆ ಹೋಗಿದ್ದೆವು. ಅಂಗಳದಲ್ಲಿ ಉಣ್ಣೆಯ ರಾಶಿ ಬಿದ್ದಿತ್ತು. ಭಾವ ಕೋಲು ಊರಿಕೊಂಡು ನಿಂತು ಅವಳಿಗೆ ಹೇಳಿದರು: "ಮೈಂದರ್ಗಿ ಊರ ಮಂದಿಗೆ ಮಾತ ಕೊಟ್ಟೀನಿ. ಬರೂ ತಿಂಗಳ ಲಗ್ನ. ನಾಳಿಂದ ಸೊಲ್ಲಾಪುರ ಬಂದ್."

"ದೊಡ್ಡಪ್ಪಾ, ಥೀಸಿಸ್ ಕೊಡಾಕ ಇಪ್ಪತ್ತ ದಿವಸ ಉಳದಾವ. ಒಮ್ಮೆ ವಾಯಿದೆ ಕೊಟ್ಟಾರ, ಮತ್ತ ಕೊಡೂದಿಲ್ಲ. ಈ ಸಲ ತಪ್ಪಿದ್ರ ಐದು ವರ್ಷದ್ದು ಎಲ್ಲಾ ಹೋಗ್ತದ."

"ಹೋಗ್ಲಿ."

"ಕೊಟ್ಟ ಮ್ಯಾಲೂ ಆ ಹುಡುಗ ನನಗ ಬ್ಯಾಡ."

ಮೊದಲ ಪೆಟ್ಟು ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಅವಳು ಕೈ ಅಡ್ಡ ಹಿಡಿದಳು. ಒಣಗಿದ ಜೋಳದ ದಂಟು ಮುರಿದಂತೆ ಸದ್ದಾಯಿತು. ಸದ್ದು ಕೇಳಿದ ಮೇಲೂ ಅವರು ಅದೇ ಕೈಗೆ ಇನ್ನೊಮ್ಮೆ ಹೊಡೆದರು. ಅವಳು ಉಣ್ಣೆಯ ರಾಶಿಯ ಮೇಲೆ ಬಿದ್ದಳು. ನಾನು ಸೆರಗು ಹಿಡಿದುಕೊಂಡು ನಿಂತಿದ್ದೆ. ಅಷ್ಟೇ ಮಾಡಿದೆ, ನಿಂತಿದ್ದೆ.

ಅಕ್ಕಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಮೆಟ್ಟಿಲಿನಿಂದ ಬಿದ್ದಳು ಎಂದೆ. ಮಗಳು ನನ್ನ ಮುಖ ನೋಡಿದಳು. ಮರುದಿನವೇ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೊರಟೆವು. ಬಸ್ಸು ಕುಲುಕಿದಾಗಲೆಲ್ಲ ಅವಳು ನನ್ನ ಸೆರಗನ್ನು ಕಚ್ಚಿ ಹಿಡಿಯುತ್ತಿದ್ದಳು.

ಬರೆಯುವುದನ್ನು ಎಡಗೈಯ ಒಂದೊಂದೇ ಬೆರಳಿನಿಂದ ಒತ್ತಿ ಮುಗಿಸಬಹುದಿತ್ತು. ಚಿತ್ರಗಳ ಕೆಲಸ ಹಾಗಲ್ಲ. ದೂರಬೀನಿನ ಕ್ಯಾಮೆರಾಕ್ಕೆ ಆಕಾಶದ ಸಣ್ಣ ಕಣಗಳು ಗುಂಡಿನಂತೆ ಬಂದು ಬಡಿಯುತ್ತವೆ. ಬಡಿದಲ್ಲೆಲ್ಲ ಚಿತ್ರದಲ್ಲಿ ಬಿಳಿ ಚುಕ್ಕಿ, ಬಿಳಿ ಗೀರು. ಒಂದೇ ಜಾಗದ ಎರಡು ಚಿತ್ರ ಇದ್ದರೆ ಹೋಲಿಸಿ ನೋಡಿ ಕಂಪ್ಯೂಟರೇ ತೆಗೆಯುತ್ತದೆ. ಒಂದೇ ಇದ್ದರೆ ಮೌಸ್ ಹಿಡಿದು ಕೈಯಿಂದ ಒಂದೊಂದಾಗಿ ತೆಗೆಯಬೇಕು. ಅಂಥವು ನಲವತ್ತು ಉಳಿದಿದ್ದವು. ಅವಳು ಎಡಗೈಯಿಂದ ಮೌಸ್ ಹಿಡಿದರೆ ಗುರಿ ತಪ್ಪಿ ಪಕ್ಕದ ಚುಕ್ಕಿ ಅಳಿಸಿ ಹೋಗುತ್ತಿತ್ತು.

"ಉಣ್ಣ್ಯಾಗಿನ ಮುಳ್ಳು ಆರಿಸಿದಂಗ ಅಲ್ಲೇನು? ತಾ ಇಲ್ಲೆ," ಎಂದೆ.

ಮುಳ್ಳು ಆರಿಸುವುದು ನನಗೆ ಗೊತ್ತಿತ್ತು. ನಮ್ಮ ಮನೆಯಿಂದ ಕುರುಬರ ದೇವರು ಬೀರೋಬಾನಿಗೆ ಕೊಡುವ ಕಂಬಳಿಯ ಉಣ್ಣೆಯಲ್ಲಿ ಒಂದು ಮುಳ್ಳೂ ಇರಬಾರದು. ಒಂದು ಸಿಕ್ಕರೂ ಅತ್ತೆ ಪೂರ್ತಿ ರಾಶಿಯನ್ನು ಮತ್ತೆ ನನ್ನ ಮುಂದೆ ಸುರಿಯುತ್ತಿದ್ದರು. ಬೆರಳ ತುದಿ ರಕ್ತವಾದರೂ ಬಿಡುತ್ತಿರಲಿಲ್ಲ. ಎಂಟು ದಿನ ನಾನು ಹಾಗೇ ಆರಿಸಿದೆ. ಬಿಳಿ ಕಂಡದ್ದನ್ನೆಲ್ಲ ಒತ್ತಿದೆ. ಕೆಲವು ಹಿಂಡುಗಳ ನಡುವಿನಿಂದ ಒಂದು ಸಣ್ಣ ಕಡ್ಡಿ ಹೊರಗೆ ಚಾಚಿತ್ತು. ಅದನ್ನೂ ಬಿಡಲಿಲ್ಲ.

ಒಂಬತ್ತನೆಯ ದಿನ ಅವಳು ಪಕ್ಕದಲ್ಲಿ ಕುಳಿತು ನೋಡಿದಳು.

"ಯವ್ವಾ, ಇಲ್ಲಿದ್ದ ಕಡ್ಡಿ ಎಲ್ಲಿ?"

"ಆರಿಸೀನಿ."

"ಆರಿಸಿದೀ? ಅದ ನನ್ನ ಕೆಲಸ! ಹೊಟ್ಟಿಬಾಕ ಉಗುಳಿದ್ದು ಅದ! ಅದಕ್ಕಾಗೇ ಐದು ವರ್ಷ ಸತ್ತೀನಿ ನಾನು!"

ಕೈಗೆ ಸಿಕ್ಕ ತಂಬಿಗೆಯನ್ನು ಗೋಡೆಗೆ ಎಸೆದಳು. ಪ್ಲಾಸ್ಟರ್ ಹಾಕಿದ ಕೈಯನ್ನೇ ಟೇಬಲ್ಲಿಗೆ ಹೊಡೆದುಕೊಂಡಳು, ನೋವಿಗೆ ಕಿರುಚಿದಳು, ಮತ್ತೆ ಹೊಡೆದುಕೊಂಡಳು. ನಾನು ಹಿಡಿಯಲು ಹೋದರೆ ನನ್ನನ್ನು ದೂಡಿದಳು. ಟ್ರಂಕಿನ ಅಂಚು ನನ್ನ ಸೊಂಟಕ್ಕೆ ಬಡಿಯಿತು.

"ನೀ ಎಲ್ಲಾ ಒರಸ್ತಿ! ದವಾಖಾನ್ಯಾಗ ಅವನ ಹೆಸರ ಒರಸಿದಿ, ಇಲ್ಲಿ ನನ್ನ ಕೆಲಸ ಒರಸಿದಿ!"

ಮೂಲ ಚಿತ್ರಗಳು ಬೇರೆ ಕಡೆ ಇದ್ದವು, ಅದೊಂದು ಪುಣ್ಯ. ಅತ್ತು ಮುಗಿದ ಮೇಲೆ ಅವಳೇ ಮೂಗು ಒರೆಸಿಕೊಂಡು ಹೇಳಿಕೊಟ್ಟಳು: "ಅಂಚು ನೋಡವ್ವಾ. ಕ್ಯಾಮೆರಾಕ್ಕ ಬಡದದ್ದರ ಅಂಚು ಬ್ಲೇಡಿನಂಗ ಇರ್ತದ. ದೂರಬೀನದಾಗ ಹಾದು ಬಂದ ಬೆಳಕಿಂದು ಮಬ್ಬ ಇರ್ತದ." ಮೊದಲಿನಿಂದ ಶುರು ಮಾಡಿದೆವು. ಗೊತ್ತಾಗದಿದ್ದಲ್ಲಿ ಈಗ ಕೇಳುತ್ತಿದ್ದೆ. ಅವಳು "ಮುಳ್ಳು" ಅಥವಾ "ಬಿಡು" ಎನ್ನುತ್ತಿದ್ದಳು.

ನಾಲ್ಕು ದಿನ ಉಳಿದಿದ್ದಾಗ, ಬೆಳಿಗ್ಗೆ, ನಾನು ರೊಟ್ಟಿ ಬಡಿಯುತ್ತಿದ್ದೆ. ಭಾವ ಚಪ್ಪಲಿ ಬಿಡದೆ ಒಳಗೆ ಬಂದರು. "ನಡಿ ಊರಿಗೆ," ಎಂದರು. ಅವಳು ಕುರ್ಚಿಯಿಂದ ಏಳಲಿಲ್ಲ.

"ಈ ಡಬ್ಬಿನ ನಿನ್ನ ತಲಿ ಕೆಡಿಸ್ಯಾದ," ಎಂದು ಲ್ಯಾಪ್‌ಟಾಪನ್ನು ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಲು ತಲೆಯ ಮೇಲೆ ಎತ್ತಿದರು. ಅದರಲ್ಲಿ ಒಂದು ಚಿತ್ರ ಇನ್ನೂ ಬೆಳಗುತ್ತಿತ್ತು.

ನಾನು ಇಕ್ಕಳದಿಂದ ಒಲೆಯ ಮೇಲೆ ಕಾದಿದ್ದ ರೊಟ್ಟಿ ಹಂಚನ್ನು ಎತ್ತಿ ಅವರ ಮುಂಗೈಗೆ ಒತ್ತಿದೆ. ಚರ್ಮ ಹಂಚಿಗೆ ಅಂಟಿತು. ಲ್ಯಾಪ್‌ಟಾಪು ಜೋಳದ ಹಿಟ್ಟಿನ ಅಗಲ ತಟ್ಟೆ ಪರಾತದೊಳಗೆ ಬಿತ್ತು.

"ರಂಡೇ, ಸುಟ್ಟಿಯಲ್ಲ ನನ್ನ!" ಎಂದು ಇನ್ನೊಂದು ಕೈಯಿಂದ ನನ್ನ ಬಾಯಿಗೆ ಗುದ್ದಿದರು. ಮುಂದಿನ ಹಲ್ಲು ಅಂದೇ ಹೋಯಿತು. ಆಮೇಲೆ ಅವರು ಬಾಗಿಲ ಕಡೆ ತಿರುಗಿದ್ದರು, ಹೋಗುವವರಿದ್ದರು. ಆದರೂ ನಾನು ಹಿಂದಿನಿಂದ ಹೋಗಿ ಹೆಗಲಿಗೆ ಇನ್ನೊಮ್ಮೆ ಒತ್ತಿದೆ. ಎರಡನೆಯ ಸಲದ ಅಗತ್ಯ ಇರಲಿಲ್ಲ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅವರ ಜೊತೆ ಅಂದೂ ನಾನು ಒಂದು ಮಾತು ಆಡಲಿಲ್ಲ.

"ಅವ್ವಾ, ಹಂಚ ಕೆಳಗ ಇಡು. ಹೋದಾ ಅಂವ. ಇಡವ್ವಾ," ಎಂದು ಮಗಳು ಎಷ್ಟು ಹೇಳಿದರೂ ನನ್ನ ಬೆರಳು ಇಕ್ಕಳ ಬಿಡಲಿಲ್ಲ. ಅವಳೇ ಎಡಗೈಯಿಂದ ಬಿಡಿಸಿದಳು.

ಕೀಲಿಗಳ ನಡುವಿನ ಹಿಟ್ಟನ್ನು ಬಟ್ಟೆಯಿಂದ ಒರೆಸಿ ನೋಡಿದರೆ ಲ್ಯಾಪ್‌ಟಾಪು ನಡೆಯುತ್ತಿತ್ತು. ಬಾಯಲ್ಲಿ ಅರಳೆ ಇಟ್ಟುಕೊಂಡು ನಾನು ಮೌಸ್ ಹಿಡಿದೆ. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಥೀಸಿಸ್ ಕೊಟ್ಟು ಬಂದಳು, ಮುಖ ಸಹ ತೊಳೆಯದೆ ಮಲಗಿದಳು. ಕಡ್ಡಿಗಳೆಲ್ಲ ಅದರಲ್ಲಿದ್ದವು.

ಚಪಳಗಾಂವಕ್ಕೆ ನಾವು ಮತ್ತೆ ಹೋಗಿಲ್ಲ. ನಿಮ್ಮ ಅಜ್ಜನನ್ನು ಮಣ್ಣು ಮಾಡಿದ ಹೊಲ ಅಲ್ಲಿದೆ, ಅದನ್ನು ನಾನು ಇನ್ನು ನೋಡುವುದಿಲ್ಲ. ಶಾಲೆಯ ಸೂಟಿಗೆ ಬೇರೆ ಮಕ್ಕಳು ಊರಿಗೆ ಹೋಗುವಾಗ ನಿಮಗೆ ಹೋಗಲು ಊರಿಲ್ಲದೆ ಹೋದದ್ದು ನನ್ನ ಕೈಯಿಂದ. ನಿಮ್ಮ ಅವ್ವ ತನ್ನ ತಪ್ಪು ಎಂದುಕೊಂಡಿದ್ದಾಳೆ. ಅಲ್ಲ.

ಅವಳಿಗೆ ಇದನ್ನು ಓದಿ ಹೇಳಿ, ಆದರೆ ಹಾಳೆಗಳನ್ನು ಅವಳ ಕೈಗೆ ಕೊಡಬೇಡಿ, ಹರಿದು ಹಾಕುತ್ತಾಳೆ. ಕಪಾಟಿನಲ್ಲಿ ಅವಳ ದಪ್ಪ ಥೀಸಿಸ್ ಇದೆ, ಅದನ್ನು ಅವಳು ಯಾರಿಗೂ ಕೊಡುವುದಿಲ್ಲ. ಚಿತ್ರಗಳಿರುವ ಪುಟಗಳ ನಡುವೆ ಇವನ್ನು ಇಟ್ಟು ಕಾಯ್ದುಕೊಳ್ಳಿ.