ಇಲ್ಮಾ ಎಂಬ ಮಾತಿನ ಬೇರು

ಈ ದೂರದೇಶದ ಪೊರಿರುವಾ ಊರಿನ ಗಾಳಿಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ, ನನಗೂ ಇಲ್ಲ. ಬೆಳಿಗ್ಗೆ ಬಟ್ಟೆ ಹರವಲು ಹಿತ್ತಲಿಗೆ ಓಡಿದರೆ, ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ಮೇಲೆ ನೋಡಿ "ಇಲ್ಮಾ" ಎಂದು ಗೊಣಗಿಕೊಂಡು, ಆಮೇಲೆ ಹರವಬಹುದೋ ಬೇಡವೋ ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತಿದ್ದರು. ತೀರ್ಪು ತಪ್ಪಿದ್ದು ಕಡಿಮೆ.

ಅಜ್ಜಿ ಯುದ್ಧಕಾಲದಲ್ಲಿ ರಷ್ಯದ ಬಾಲ್ಟಿಕ್ ಕರಾವಳಿಯಿಂದ ಚದುರಿ ಬಂದವರು. ಅವರ ಭಾಷೆ ಇಂಗ್ರಿಯನ್. ಆಡುವವರು ಬೆರಳೆಣಿಕೆಯಷ್ಟು, ಸ್ವಂತ ಮಗಳಿಗೂ ಬಾರದು. ಇಲ್ಮಾ ಅಂದರೆ ಹವೆ. ಆ ಮಾತು ಎಲ್ಲಿಂದ ಬಂತೆಂದು ಹುಡುಕಿ ಕೊಡು, ಎಲ್ಲ ಮರೆತುಹೋಗುವ ಮೊದಲು ತಿಳಿಯಬೇಕು ಎಂದು ಒಂದು ದಿನ ಕೇಳಿದರು. ಅವರ ಅವಸರ ನನಗೂ ಅಂಟಿತು. ಫೋನ್ ಲೈನಿನಲ್ಲಿ ತೆವಳುತ್ತ ಬರುತ್ತಿದ್ದ ಇಂಟರ್ನೆಟ್, ಯೂನಿವರ್ಸಿಟಿ ಲೈಬ್ರರಿ, ಎಲ್ಲ ಜಾಲಾಡಿದೆ. ಸಿಕ್ಕಿತು. ಫಿನ್ನಿಷ್, ಎಸ್ಟೋನಿಯನ್ ಭಾಷೆಗಳಲ್ಲೂ ಅದೇ ಬೇರು. ಬಹಳ ಹಿಂದೆ ಅದಕ್ಕೆ ಆಕಾಶ ಎಂದೂ ಅರ್ಥವಿತ್ತಂತೆ. ಉರಲ್ ಬೆಟ್ಟಗಳ ಕಡೆಯ ದೂರದ ನಂಟಿನ ಭಾಷೆಯೊಂದರಲ್ಲಿ ಇಂದಿಗೂ ಆಕಾಶವೇ.

ಅದು ಸಿಕ್ಕ ದಿನವೇ ಮೈಸೂರಿನಿಂದ ಫೋನ್. ಮೈದುನನಿಗೆ ಹೆಣ್ಣು ಮಗು, ನಮಗೆಲ್ಲ ಪುರುಡು. "ಹನ್ನೊಂದನೇ ದಿನ ಶುದ್ಧಿ ಆಗೋ ತನಕ ಯಾರ ಮನೆಗೂ ಹೋಗ್ಬೇಡ ಕಣಮ್ಮ" ಎಂದರು ಅತ್ತೆ. ಇಂಥದ್ದಕ್ಕೆಲ್ಲ ನಗುವವಳು ನಾನು, ಆದರೂ ತೆಪ್ಪಗೆ ಪಾಲಿಸಿದೆ. ಸಿಕ್ಕಿತಾ ಎಂದು ಅಜ್ಜಿ ಬೇಲಿಯಾಚೆಯಿಂದ ಎರಡು ಸಲ ಕೇಳಿದರು. ಸಿಕ್ಕಿದೆ, ಮುಂದಿನ ವಾರ ಮನೆಗೇ ಬಂದು ಕೂತು ಹೇಳುತ್ತೇನೆ ಎಂದೆ. ಅಲ್ಲೇ ಹೇಳಲು ನನಗೇನು ಧಾಡಿಯಾಗಿತ್ತೋ.

ಹನ್ನೊಂದನೇ ದಿನ ತಲೆಗೆ ನೀರು ಹಾಕಿಕೊಂಡು, ಹುಡುಕಿದ್ದನ್ನೆಲ್ಲ ಬರೆದಿಟ್ಟ ಚೀಟಿ ಹಿಡಿದು ಹೋದರೆ ಬಾಗಿಲಿಗೆ ಬೀಗ. ಹಿಂದಿನ ದಿನವೇ ಅಜ್ಜಿಗೆ ಸ್ಟ್ರೋಕ್ ಆಗಿತ್ತು. ಆಸ್ಪತ್ರೆಯಿಂದ ಮಗಳು ಅವರನ್ನು ದೂರದ ಒನೆಹುಂಗಾ ಊರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಒಂದು ತಿಂಗಳು ಒಳಗೂ ಹೊರಗೂ ಚಡಪಡಿಸಿ ಕೊನೆಗೆ ಫೋನ್ ಮಾಡಿದೆ. ಅಮ್ಮನಿಗೆ ಇಂಗ್ಲಿಷ್ ಪೂರಾ ಹೋಗಿದೆ, ಹಳೆಯ ಭಾಷೆಯೊಂದೇ ಉಳಿದಿದೆ ಎಂದು ಹೇಳಿ ಮಗಳು ರಿಸೀವರನ್ನು ಅವರ ಕಿವಿಗಿಟ್ಟಳು.

ಚೀಟಿಯಲ್ಲಿದ್ದದ್ದೆಲ್ಲ ಇಂಗ್ಲಿಷು. ಅವರಿಗೆ ತಿಳಿಯುವ ಮಾತು ನನ್ನ ಹತ್ತಿರ ಒಂದೇ ಇತ್ತು.

"ಇಲ್ಮಾ" ಎಂದೆ.

ಅಜ್ಜಿ ಮಾತಾಡಿದರು, ಮಾತಾಡುತ್ತಲೇ ಹೋದರು. ಒಂದು ಪದವೂ ತಿಳಿಯದೆ ನಾನು ಹ್ಞೂಂಗುಡುತ್ತ ನಿಂತೆ. ಕೊನೆಗೆ ಏನನ್ನೋ ಕೇಳುವವರಂತೆ ದನಿ ಎತ್ತಿ ಅವರು ಮಾತು ನಿಲ್ಲಿಸಿದರು. ನಾನು ಕಿಟಕಿಯಾಚೆ ನೋಡಿದೆ.

"ಗಾಳಿ ಜೋರಾಗಿದೆ ಅಜ್ಜಿ" ಎಂದೆ, ಕನ್ನಡದಲ್ಲೇ. "ಇವತ್ತು ಬಟ್ಟೆ ಹರವಲ್ಲ."