ಅಂಚಿನೊಳಗಿನ ಕೂದಲು

ಪ್ಯಾರಿಸ್ಸಿನ ಹೆಸರಾಂತ ಉಡುಪು ವಿನ್ಯಾಸಕ ಮುಸ್ಯೂ ವಾಲ್ರೆಯವರ ಹೊಲಿಗೆಮನೆಯಲ್ಲಿ ಜೆರ್ಮೇನ್ ಹೊಲಿದ ಮದುವೆ ಗೌನುಗಳಿಗೆ ಲೆಕ್ಕವಿಲ್ಲ. ನಲವತ್ತು ದಾಟಿದರೂ ತನ್ನ ಮದುವೆಯೊಂದನ್ನು ಮಾತ್ರ ಕಂಡಿರಲಿಲ್ಲ. ಅಲ್ಲಿನ ಹೆಂಗಸರಲ್ಲಿ ಒಂದು ನಂಬಿಕೆ: ಗೌನಿನ ಅಂಚು ಮಡಿಸುವಾಗ ತನ್ನದೊಂದು ಕೂದಲನ್ನು ಒಳಗಿಟ್ಟು ಹೊಲಿಯಬೇಕು. ಅದನ್ನು ತೊಟ್ಟ ಮದುಮಗಳು ಚರ್ಚಿನ ಮೆಟ್ಟಿಲು ಹತ್ತಿದರೆ, ಹೊಲಿದವಳಿಗೂ ವರ್ಷದೊಳಗೆ ಕಂಕಣಭಾಗ್ಯ ಕೂಡಿಬರುತ್ತದೆ. ಜೆರ್ಮೇನ್ ಒಂದು ಗೌನನ್ನೂ ಬಿಟ್ಟವಳಲ್ಲ.

"ಏನ್ ಮದ್ಮೊಸೆಲ್, ತಲೆ ಬೋಳಾಗೋವರ್ಗೂ ಬಿಡಲ್ವಾ?" ಎಂದು ಹುಡುಗಿಯರು ಕಿಚಾಯಿಸುತ್ತಿದ್ದರು.

"ನಿಮ್ಗೂ ವಯಸ್ಸಾಗತ್ತೆ ಕಣ್ರೇ, ಆಗ ನಗಿ!"

ಇಸ್ತ್ರಿ ಮೇಜಿನ ಗಾಸ್ತೋನ್ ಇದನ್ನೆಲ್ಲ ಕೇಳಿ ಮೀಸೆಯಲ್ಲೇ ನಗುತ್ತಿದ್ದ. ಹೆಂಡತಿ ಸತ್ತವನು, ಗುಂಗುರು ನರೆಗೂದಲಿನವನು, ಮಾತಿಗೆ ಮಹಾ ಜಿಪುಣ. ಮಧ್ಯಾಹ್ನ ತನ್ನ ಸೂಪಿನ ಜೊತೆ ಅವಳದನ್ನೂ ಬಿಸಿ ಮಾಡಿಕೊಡುತ್ತಿದ್ದ, ಅಷ್ಟೇ. ಅಷ್ಟಕ್ಕೇ ಅವಳು ವರ್ಷಗಟ್ಟಲೆ ಅವನನ್ನು ಮನಸ್ಸಿನಲ್ಲಿಟ್ಟುಕೊಂಡು ಬದುಕಿದ್ದಳು.

ವಾಲ್ರೆ ತೀರಿಕೊಂಡರು. ವಾರಸುದಾರರು ಅವರ ಹೆಸರನ್ನು ಅತ್ತರು ತಯಾರಿಸುವ ಕಂಪನಿಗೆ ಮಾರಿದರು. ಹೊಲಿಗೆಮನೆಗೆ ಬೀಗ ಎಂದಾಯಿತು. ಸಾಯುವ ಮುಂಚೆ ಅವರು ಕತ್ತರಿಸಿಟ್ಟಿದ್ದ ಒಂದು ಮದುವೆ ಗೌನಷ್ಟೇ ಬಾಕಿ ಇತ್ತು. ಹಿಂದೆ ಕೈ ಹಿಡಿದರೆ ಈಚೆ ಕಾಣುವಂಥ ತೆಳು ರೇಷ್ಮೆ. ಅದು ಮುಗಿದರೆ ಇನ್ನು ಗೌನಿಲ್ಲ, ಗಾಸ್ತೋನನ ಮುಖವೂ ಇಲ್ಲ. ಜೆರ್ಮೇನ್ ಕೊನೆಯ ಕೂದಲನ್ನು ಅಂಚಿನೊಳಗಿಟ್ಟು ಹೊಲಿದಳು.

ಇಸ್ತ್ರಿ ಮಾಡಿದ ಗೌನನ್ನು ತಂದ ಗಾಸ್ತೋನ್ ಅಲ್ಲೇ ನಿಂತ. "ನಾನು ಲಿಯೋಂಗೆ ಹೋಗ್ತಿದೀನಿ, ಅಕ್ಕನ ಮನೆಗೆ. ನೀವು... ಇಲ್ಲೇ ಇರ್ತೀರಾ?"

ಆಗಲಾದರೂ ಬಾಯಿ ಬಿಡಬೇಡವೇ ಆ ಹೆಂಗಸು? ಕೂದಲಿನ ಫಲ ಕೈಗೂಡುವ ಮೊದಲೇ ಮಾತಾಡಿದರೆ ಎಲ್ಲಿ ಕೆಡುತ್ತದೋ ಎಂದು ಅವಳಿಗೆ ಭಯ.

"ಈ ಗೌನು ಹಾಕ್ಕೊಳ್ಳೋ ಹುಡುಗಿ ಮದ್ವೆ ಮುಗೀಲಿ, ಆಮೇಲೆ ಹೇಳ್ತೀನಿ."

"ಸರಿ ಬಿಡಿ," ಎಂದ ಗಾಸ್ತೋನ್.

ಮರುದಿನವೇ ವಾರಸುದಾರರು ಮನಸ್ಸು ಬದಲಿಸಿದರು. ವಾಲ್ರೆಯವರ ಕೊನೆಯ ಗೌನು ಮದುಮಗಳಿಗಲ್ಲ, ವಸ್ತುಸಂಗ್ರಹಾಲಯಕ್ಕೆ. ಜೆರ್ಮೇನ್ ಹೊಲಿಗೆಮನೆಯ ಮೇಲ್ವಿಚಾರಕಿಯ ಬಳಿ ಓಡಿದಳು.

"ದಮ್ಮಯ್ಯ ಮದಾಮ್, ಯಾರಾದ್ರೂ ಮದುಮಗಳು ಒಂದ್ಸಲ ತೊಟ್ಕೊಂಡು ಚರ್ಚಿಗೆ ಹೋಗ್ಬರ್ಲಿ. ಆಮೇಲೆ ತಗೊಳ್ಳಿ!"

"ತಲೆ ಕೆಟ್ಟಿದೆಯಾ ನಿಂಗೆ? ಅದಿನ್ನು ಬಟ್ಟೆ ಅಲ್ಲ, ಚರಿತ್ರೆ."

ಆ ಮದುವೆ ಬೇರೆ ಯಾವುದೋ ಗೌನಿನಲ್ಲಿ ನಡೆಯಿತು. ದೇವರೇ ಬೇಡವೆಂದ ಮೇಲೆ ಏನು ಹೇಳುವುದೆಂದು ಅವಳು ಗಾಸ್ತೋನನಿಗೆ ಮುಖ ತೋರಿಸಲಿಲ್ಲ. ಅವನು ರೈಲು ಹತ್ತಿದ. ಆ ಚಳಿಗಾಲದಲ್ಲೇ ಎದೆಗೆ ಶೀತ ಹಿಡಿದು ಸತ್ತನೆಂದು ಸುದ್ದಿ ಬಂತು.

ವಸಂತದಲ್ಲಿ ಅವಳು ಟಿಕೆಟ್ ಕೊಂಡು ಗೌನು ನೋಡಲು ಹೋದಳು. ಗಾಜಿನೊಳಗೆ ದೀಪಗಳು, ಫಲಕದ ಮೇಲೆ ವಾಲ್ರೆಯವರ ಹೆಸರು. ಅವಳು ಮಂಡಿಯೂರಿ ಅಂಚನ್ನು ಹುಡುಕಿದಳು. ತೆಳು ರೇಷ್ಮೆಯ ಮಡಿಕೆಯಲ್ಲಿ ತನ್ನ ಉದ್ದನೆಯ ಕೂದಲು ಕಂಡಿತು. ಅದಕ್ಕೆ ತಾಗಿ ಇನ್ನೊಂದಿತ್ತು, ಗಿಡ್ಡದು, ಗುಂಗುರು, ನರೆತದ್ದು. ಅವಳು ಅಂಚು ಮುಗಿಸಿದ ಮೇಲೆ ಆ ಗೌನು ಹೋಗಿದ್ದು ಇಸ್ತ್ರಿ ಮೇಜಿಗೆ ಮಾತ್ರ.

"ಗಾಜು ಮುಟ್ಬೇಡಿ ಮದಾಮ್," ಎಂದ ಕಾವಲಿನವನು.

ಅವಳು ಎರಡೂ ಕೈಯಿಂದ ಗಾಜನ್ನು ಬಡಿಯುತ್ತಿದ್ದಳು. "ಗಾಸ್ತೋನ್, ಕೇಳಿದ್ರಲ್ರೀ, ಇಲ್ಲೇ ಇರ್ತೀರಾ ಅಂತ ನೀವು ಕೇಳಿದ್ರಲ್ಲಾ!"