ನಡುವೆ ಹುಟ್ಟದ ಪೈರು

ನೆನೆದ ಕೆಂಪು ಮಣ್ಣಿನಲ್ಲಿ ರಾಗಿ ಮೊಳೆಯುವಾಗ ಒಂದು ತಣ್ಣನೆಯ ವಾಸನೆ ಬರುತ್ತದೆ. ಅದು ಮೂಗಿಗೆ ತಾಗಿದರೆ ಮಾರೇನಹಳ್ಳಿಯ ನಮ್ಮ ಶೀಟಿನ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಆಗಿನ್ನೂ ವಿಜಯನಗರದಲ್ಲಿ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಡಿಸೆಂಬರ್ ಬಂತೆಂದರೆ ಅಪ್ಪ ಮಲ್ಲತ್ತಹಳ್ಳಿ ಕೆರೆಯ ಬದಿಯಿಂದ ಮಣ್ಣು ತಂದು ಹಲಗೆಯ ಮೇಲೆ ಹರಡಿ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಕ್ರಿಸ್ಮಸ್ ಗೋದಲಿಯ ಹಸಿರಿಗೆಂದು ರಾಗಿ ಚೆಲ್ಲುತ್ತಿದ್ದರು. ಅಜ್ಜಿ ಆ ಮಣ್ಣಿನ ನಡುವೆ ಅಂಗೈ ಊರಿ ಕೂರುತ್ತಿದ್ದಳು. ಅವಳ ಕೈಯ ಸುತ್ತ ಮಾತ್ರ ಬಿತ್ತಬೇಕು. ಕೈ ಎತ್ತಿದ ಮೇಲೆ ಉಳಿಯುವ ಬರಿ ಮಣ್ಣು ಬಾಲಯೇಸುವನ್ನು ಮಲಗಿಸುವ ಜಾಗ.

ಅಪ್ಪ ಲೇತ್ ಯಂತ್ರದ ಕೆಲಸದವರು. ವರ್ಷವರ್ಷವೂ ಗೋದಲಿಗೆ ಮೋಟರಿನಿಂದ ಓಡುವ ಒಂದು ರೈಲು, ಒಂದು ಗಿರಣಿ, ತಿರುಗುವ ಚಕ್ರ ಸೇರಿಸುತ್ತಿದ್ದರು. ಬೀದಿಯ ಜನವೆಲ್ಲ ನೋಡಲು ಬರುತ್ತಿದ್ದರು. "ಬಂದೋರೆಲ್ಲ ನಿನ್ ಮೋಟರ್ ನೋಡ್ತಾರೆ ಕಣೋ, ಮಗೂನ ಯಾರೂ ನೋಡಲ್ಲ," ಎಂದು ಅಜ್ಜಿ ಕುಟುಕುತ್ತಿದ್ದಳು.

ಅವಳು ತೀರಿಕೊಂಡ ವರ್ಷ ಗೋದಲಿ ಬೇಡವೆಂದು ಅಮ್ಮ ಹೇಳಿದರೂ ಅಪ್ಪ ಕೇಳಲಿಲ್ಲ. ಅವಳು ಹೋದಂದಿನಿಂದ ಚರ್ಚಿನ ಪೂಜೆಗೆ ಹೋಗುವುದನ್ನು ಬಿಟ್ಟಿದ್ದರು, ಮನೆಯ ಜಪಕ್ಕೂ ಕೂರುತ್ತಿರಲಿಲ್ಲ. ಇಡೀ ಹಲಗೆಗೆ ರಾಗಿ ಚೆಲ್ಲಿದರು. ನಡುವೆ ಜಲಪಾತ ಬರುತ್ತದೆ, ಮಗುವನ್ನು ಮೂಲೆಯಲ್ಲಿಟ್ಟರಾಯಿತು ಎಂದರು. ಅಮ್ಮ ಹೆದರುತ್ತಿದ್ದುದು ಗೋದಲಿಗಲ್ಲ, ಈ ಮನುಷ್ಯ ಇನ್ನು ದೇವರ ಕಡೆ ತಿರುಗುವುದೇ ಇಲ್ಲವೇನೋ ಎಂದು.

ಕೆಲವು ದಿನಗಳಲ್ಲಿ ಪೈರೆದ್ದಿತು. ನಡುವೆ ಮಾತ್ರ ಅಂಗೈಯಗಲ ಮಣ್ಣು ಹಾಗೇ ಇತ್ತು. ಅಪ್ಪ ಮತ್ತೆ ರಾಗಿ ಹಾಕಿ ನೀರು ಚಿಮುಕಿಸಿದರು. ಸುತ್ತಲಿನ ಪೈರು ಬೆರಳುದ್ದವಾಯಿತು, ಅಲ್ಲಿ ಒಂದು ಮೊಳಕೆಯೂ ಕಾಣಲಿಲ್ಲ.

"ರೀ, ಅತ್ತೆ ಅಲ್ಲಿ ಕೈ ಇಟ್ಕೊಂಡವ್ರೆ," ಎಂದರು ಅಮ್ಮ, ಮೆಲ್ಲಗೆ.

"ಇರುವೆ ತಿಂದಿರ್ತವೆ, ಸುಮ್ನಿರೇ."

ಹಾಗೆಂದ ಅಪ್ಪ ತಮ್ಮ ಅಂಗೈಯನ್ನು ಅಲ್ಲಿಟ್ಟು ನೋಡಿದರು. ಥಟ್ಟನೆ ಹಿಂದೆಳೆದುಕೊಂಡರು. ಏನಾಯಿತೆಂದು ನಾನು ಕೇಳಿದಾಗ ಆ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮೋಟರನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಕ್ರಿಸ್ಮಸ್ ಹಿಂದಿನ ಸಂಜೆ ಅಜ್ಜಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಬಾಲಯೇಸುವಿನ ಬೊಂಬೆಯನ್ನು ಬಿಡಿಸಿ ನಡುವೆ ಮಲಗಿಸಿ, ಜಪಕ್ಕೆ ಎಲ್ಲರಿಗಿಂತ ಮೊದಲು ಮಂಡಿಯೂರಿದರು. ಅಂದಿನಿಂದ ನಮ್ಮ ಗೋದಲಿಯಲ್ಲಿ ಯಾವುದೂ ತಿರುಗಲಿಲ್ಲ. ನೋಡಲು ಬರುವವರೂ ಕಡಿಮೆಯಾದರು.

ಆ ಮನೆಯ ಜಾಗದಲ್ಲೀಗ ಅಂಗಡಿಗಳಿವೆ. ಈ ವರ್ಷ ಅಪ್ಪನೂ ಹೋದರು. ಕೆಂಗೇರಿ ಉಪನಗರದ ಬಾಡಿಗೆ ಮನೆಯಲ್ಲಿ ನಾನು ಒಂದು ತಟ್ಟೆಯಲ್ಲಿ ರಾಗಿ ಬಿತ್ತಿದೆ, ನಡುವೆಯೂ ಬಿಡದೆ. ದಿನಾ ಬೆಳಿಗ್ಗೆ ಎದ್ದು ನೋಡಿದೆ. ಈ ಸಲ ಎಲ್ಲ ಕಡೆಯೂ ಪೈರು ಒಂದೇ ಸಮ ಎದ್ದಿತ್ತು, ನಡುವೆ ಇನ್ನೂ ದಟ್ಟವಾಗಿ. ಆಮೇಲೆ ನಡುವಿನ ಪೈರನ್ನು ಒಂದೊಂದಾಗಿ ನಾನೇ ಕಿತ್ತೆ. ಕಿತ್ತ ಜಾಗದಲ್ಲಿ ಅಂಗೈ ಇಟ್ಟೆ. ಚಳಿಗೆ ತಟ್ಟೆಯ ಅಂಚು ಕೊರೆಯುತ್ತಿತ್ತು, ಆ ಮಣ್ಣು ಮಾತ್ರ ಬೆಚ್ಚಗಿತ್ತು.